ನಾನು ಬರೆದುಕೊಟ್ಟ ಎರಡು ಅರ್ಜಿಗಳು

ನನ್ನ ಅಕ್ಷರ ದುಂಡಗಿತ್ತು. ಜಂಬಕ್ಕೆ ಹೇಳುತ್ತಿಲ್ಲ, ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸಂಜೆ ಅವರು ಮನೆಗೆ ಬರುವಾಗ ಹಿಂದೆಯೇ ಹಳ್ಳಿಯವರು ಇಬ್ಬರಾದರೂ ಬರುತ್ತಿದ್ದರು. ಒಬ್ಬರಿಗೆ ಪಹಣಿ ತಿದ್ದಿಸಬೇಕು, ಇನ್ನೊಬ್ಬರಿಗೆ ವಿಧವಾ ವೇತನ. ಅಪ್ಪ ಜಗಲಿಯಲ್ಲಿ ಕಾಲು ನೀಡಿ ಕೂತು ಹೇಳುವುದು, ನಾನು ಬರೆಯುವುದು. ಹೈಸ್ಕೂಲು ಮುಗಿಯುವ ಹೊತ್ತಿಗೆ ನನಗೆ ಅರ್ಜಿಯ ಕಟ್ಟು ಬಾಯಿಪಾಠವಾಗಿತ್ತು. ಮೊದಲು ಇಂದ, ಆಮೇಲೆ ಇವರಿಗೆ, ಅದರ ಕೆಳಗೆ ಮುಖಾಂತರ, ಆಮೇಲೆ ಮಾನ್ಯರೇ. ಅರ್ಜಿ ಯಾವ ಅಧಿಕಾರಿಯ ಕೈ ದಾಟಿ ಮೇಲಕ್ಕೆ ಹೋಗಬೇಕೋ ಅವರ ಹುದ್ದೆಯನ್ನು ಮುಖಾಂತರ ಎನ್ನುವಲ್ಲಿ ಬರೆಯಬೇಕು. ಅದಿಲ್ಲದ ಅರ್ಜಿಯನ್ನು ಅಪ್ಪ ಓದುವ ಮೊದಲೇ ಪಕ್ಕಕ್ಕಿಡುತ್ತಿದ್ದರು.

ಬಿ.ಎಸ್ಸಿ. ಓದಲು ನಾನು ಸೇರಿದ ಕಾಲೇಜು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಆ ಸೀಮೆಯಲ್ಲಿತ್ತು ಎಂದಷ್ಟೇ ಹೇಳುತ್ತೇನೆ. ಊರು ಹೇಳಿದರೆ ಮನುಷ್ಯನ ಗುರುತು ಹತ್ತುತ್ತದೆ. ಇಷ್ಟು ವರ್ಷವಾದ ಮೇಲೂ ಯಾರಿಗೆ ಹೆದರುತ್ತೀಯೆ ಎಂದು ಕೇಳುವವರಿದ್ದಾರೆ. ಅಭ್ಯಾಸಬಲ ಎನ್ನಬಹುದು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ನಗರಗೆರೆ ಕಡೆಯ ಹುಡುಗಿ. ಅವಳಪ್ಪ ತಮ್ಮೂರ ಕೆರೆಯ ನೀರಗಂಟಿ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ ಅವರ ಮನೆತನಕ್ಕೆ ಬಂದದ್ದು. ಊರಿನವರ ಬೆಳೆಯೆಲ್ಲ ಅವರ ಕೈಯಲ್ಲಿ, ಊರೊಳಗೆ ಮಾತ್ರ ಅವರಿಗೆ ಮನೆಯಿಲ್ಲ, ಕೇರಿ ಆಚೆಗಿತ್ತು. ಆ ಕೇರಿಯಿಂದ ಡಿಗ್ರಿಗೆ ಬಂದ ಮೊದಲ ಹೆಣ್ಣುಮಗಳು ಇವಳು. ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದಳು. ನಾನು ಸೋದರತ್ತೆಯ ಮನೆಯಲ್ಲಿ. ಓದಿನಲ್ಲಿ ನನಗಿಂತ ಚುರುಕು, ಮಾತಿನಲ್ಲಿ ನನಗಿಂತ ಒರಟು. ಚಿತ್ರ ಬರೆಯಲು ಕೂತರೆ ಅವಳ ಪೆನ್ಸಿಲಿನ ಗೆರೆ ಒಂದು ಕಡೆಯೂ ನಡುಗುತ್ತಿರಲಿಲ್ಲ. ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಅವಳು ಬರೆದ ಕಾಂಡದ ಅಡ್ಡಕೊಯ್ತವನ್ನು ನೋಡಿ ನಾನು ನನ್ನದನ್ನು ಅಳಿಸಿ ಮತ್ತೆ ಬರೆಯುತ್ತಿದ್ದೆ, ಅಳಿಸಿ ಅಳಿಸಿ ಹಾಳೆ ತೂತಾಗುತ್ತಿತ್ತು.

ಈ ರೆಕಾರ್ಡ್ ಪುಸ್ತಕದ ಕಥೆ ಹೇಳಬೇಕು. ವರ್ಷವಿಡೀ ಲ್ಯಾಬಿನಲ್ಲಿ ಮಾಡಿದ್ದನ್ನೆಲ್ಲ ಅದರಲ್ಲಿ ಬರೆದು, ಕೊನೆಗೆ ಲೆಕ್ಚರರ ಸಹಿ ಹಾಕಿಸಬೇಕು. ಸಹಿ ಇಲ್ಲದಿದ್ದರೆ ಯೂನಿವರ್ಸಿಟಿಯ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರಾಕ್ಟಿಕಲ್ ಹೋದರೆ ವರ್ಷ ಹೋಯಿತು. ಸ್ಕಾಲರ್‌ಶಿಪ್ಪಿನಲ್ಲಿ ಓದುವವರಿಗೆ ವರ್ಷ ಹೋದರೆ ಹಾಸ್ಟೆಲೂ ಹೋಯಿತು. ಮೂರು ವರ್ಷದ ಓದು ಒಬ್ಬ ಮನುಷ್ಯನ ಪೆನ್ನಿನ ತುದಿಯಲ್ಲಿ ಇರುತ್ತಿತ್ತು. ಇದನ್ನು ಆ ಮನುಷ್ಯ ಚೆನ್ನಾಗಿ ತಿಳಿದಿದ್ದ.

ಫೈನಲ್ ಇಯರಿನಲ್ಲಿ ನಮಗೆ ಲ್ಯಾಬ್ ತೆಗೆದುಕೊಳ್ಳುತ್ತಿದ್ದವನು ಅವನೇ. ಮೂವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಶರ್ಟು, ಹುಡುಗರಿಗೆಲ್ಲ ಅಚ್ಚುಮೆಚ್ಚು. ಮೈಕ್ರೋಸ್ಕೋಪ್ ಸರಿಮಾಡುವ ನೆಪದಲ್ಲಿ ಇವಳ ಕೈಮೇಲೆ ಕೈಯಿಡುತ್ತಿದ್ದ. ಇವಳು ಕೈ ಎಳೆದುಕೊಂಡರೆ "ಹಾಸ್ಟೆಲ್ ಹುಡುಗೀರಿಗೆ ಇಷ್ಟೊಂದು ನಾಚಿಕೆನಾ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಹುಡುಗರು ನಗುತ್ತಿದ್ದರು. ನಾನೂ ಒಂದು ಸಲ ನಕ್ಕಿದ್ದೆ, ಏಕೆ ನಕ್ಕೆನೋ ದೇವರಿಗೇ ಗೊತ್ತು.

ಎಲ್ಲರ ರೆಕಾರ್ಡ್ ಪುಸ್ತಕಕ್ಕೂ ಸಹಿ ಬಿತ್ತು, ಇವಳದೊಂದನ್ನು ಇಟ್ಟುಕೊಂಡ. ಭಾನುವಾರ ಮನೆಗೆ ಬಂದು ತೆಗೆದುಕೊಂಡು ಹೋಗು ಎಂದ. ಅವನ ಹೆಂಡತಿ ತೌರಿಗೆ ಹೋಗಿರುವುದು ಇಡೀ ಕಾಲೇಜಿಗೆ ಗೊತ್ತಿತ್ತು. ನಾನು ಜೊತೆಗೆ ಹೋದೆ. ಬಾಗಿಲು ತೆಗೆದವನು ಇಬ್ಬರನ್ನೂ ನೋಡಿ, "ಇಬ್ಬರು ಯಾಕ್ ಬಂದ್ರಿ? ರೆಕಾರ್ಡ್ ಇರೋದು ಒಂದೇ ಅಲ್ವಾ" ಎಂದ. ಆಮೇಲೆ ಕರೆಕ್ಷನ್ ಆಗಿಲ್ಲ ಎಂದು ಬಾಗಿಲು ಹಾಕಿಕೊಂಡ. ಮರುವಾರ ಲ್ಯಾಬಿನ ಹಿಂದೆ ಸ್ಪೆಸಿಮನ್ ಬಾಟಲಿಗಳನ್ನು ಇಡುವ ಕೋಣೆಗೆ, ಏನೋ ತಂದುಕೊಡು ಎಂದು ಇವಳನ್ನು ಕಳಿಸಿ, ಹಿಂದೆಯೇ ಹೋದ. ಅಲ್ಲಿ ಆದದ್ದನ್ನು ಅವಳು ನನಗೆ ಮೂರು ಮಾತಿನಲ್ಲಿ ಹೇಳಿದಳು. ಆ ಮೂರು ಮಾತು ಅವಳವು, ನಾನು ಇಲ್ಲಿ ಬರೆಯುವುದಿಲ್ಲ. ಅವಳ ರವಿಕೆಯ ತೋಳು ಹರಿದಿತ್ತು. ಅವಳು ಅಳುತ್ತಿರಲಿಲ್ಲ, ಉರಿಯುತ್ತಿದ್ದಳು.

"ಬರ್ಕೊಡೇ. ಪ್ರಿನ್ಸಿಪಾಲ್ರಿಗೆ ಕೊಡಣ. ನಿನ್ನಷ್ಟು ಚೆನ್ನಾಗಿ ನಂಗೆ ಬರಿಯಕ್ಕೆ ಬರಲ್ಲ ಕಣೇ" ಎಂದಳು.

ಬರೆದೆ. ಅಪ್ಪ ಕಲಿಸಿದ್ದನ್ನೆಲ್ಲ ಉಪಯೋಗಿಸಿ, ಬಿಳಿ ಹಾಳೆಯ ಎಡಕ್ಕೆ ಅಂಚು ಬಿಟ್ಟು ಬರೆದೆ. ಅವಳು ಹೇಳಿದ ಮೂರು ಮಾತನ್ನು ಹಾಗೇ ಬರೆಯಲು ನನ್ನ ಕೈ ಬರಲಿಲ್ಲ. "ಸದರಿಯವರು ನನ್ನೊಂದಿಗೆ ಅನುಚಿತವಾಗಿ ವರ್ತಿಸಿರುತ್ತಾರೆ" ಎಂದು ಬರೆದು, ಎಷ್ಟು ಗೌರವವಾಗಿದೆ ಎಂದು ಬೀಗಿದೆ. ಮತ್ತೆ ಕೈ ತಾನಾಗಿಯೇ ಮುಖಾಂತರ ಎಂದು ಬರೆಯಿತು, ಎದುರಿಗೆ, ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು. ಮುಖ್ಯಸ್ಥರು ವಯಸ್ಸಾದವರು, ಸಾಧು ಮನುಷ್ಯ. ಮಗಳ ಮದುವೆಗೆಂದು ಹದಿನೈದು ದಿನ ರಜೆಯಲ್ಲಿದ್ದರು. ಅದು ನನಗೆ ಗೊತ್ತಿತ್ತು. ಹೇಗೂ ನಾವು ಕೊಡುವುದು ಪ್ರಿನ್ಸಿಪಾಲರ ಆಫೀಸಿಗೆ, ಆ ಸಾಲು ಇರಬೇಕಾದ್ದರಿಂದ ಇರುತ್ತದೆ, ಅಷ್ಟೇ ಎಂದುಕೊಂಡೆ.

ಆಫೀಸಿನ ಗುಮಾಸ್ತ ಅರ್ಜಿಯನ್ನು ಓದಲಿಲ್ಲ. ಅವನು ಓದಬೇಕಾದ್ದು ಮೇಲಿನ ನಾಲ್ಕು ಸಾಲು ಮಾತ್ರ, ಅದನ್ನು ಓದಿದ. ಮುಖಾಂತರದಲ್ಲಿ ಮುಖ್ಯಸ್ಥರು ಎಂದಿದೆ, ಮುಖ್ಯಸ್ಥರು ರಜೆ, ಚಾರ್ಜ್ ಯಾರ ಹತ್ತಿರ ಇದೆ ಎಂದು ನೋಡಿದ. ಚಾರ್ಜ್ ಇದ್ದದ್ದು ನಮ್ಮ ಲ್ಯಾಬ್ ಲೆಕ್ಚರರನ ಹತ್ತಿರವೇ. ಜವಾನನ ಕೈಯಲ್ಲಿ ಕಳಿಸಿಕೊಟ್ಟ. ನಮ್ಮ ದೂರು ಒಂದು ಗಂಟೆಯೊಳಗೆ, ಯಾರ ಮೇಲೆ ದೂರೋ ಅವನ ಮೇಜಿನ ಮೇಲಿತ್ತು. ಇದು ಯಾರದೋ ಕುತಂತ್ರ ಎಂದು ಬಹಳ ದಿನ ಅವಳನ್ನೂ ನನ್ನನ್ನೂ ನಂಬಿಸಲು ನೋಡಿದೆ. ಕುತಂತ್ರವೇನೂ ಇಲ್ಲ. ದಾರಿ ಬರೆದುಕೊಟ್ಟವಳು ನಾನು.

ಅವನು ಕೂಗಾಡಲಿಲ್ಲ. ಅರ್ಜಿಯ ಅಂಚಿನಲ್ಲಿ, ನಾನು ಅಷ್ಟು ಅಚ್ಚುಕಟ್ಟಾಗಿ ಬಿಟ್ಟಿದ್ದ ಜಾಗದಲ್ಲಿ, ಹಸಿರು ಇಂಕಿನಲ್ಲಿ ಷರಾ ಬರೆದ. "ಪರಿಶೀಲಿಸಲಾಗಿದೆ. ಆರೋಪ ಆಧಾರರಹಿತ. ವಿದ್ಯಾರ್ಥಿನಿಯ ರೆಕಾರ್ಡ್ ಅಪೂರ್ಣವಾಗಿದ್ದು, ಈ ಕಾರಣದಿಂದ ದೂರು ನೀಡಿರುವಂತೆ ಕಾಣುತ್ತದೆ." ಕೆಳಗೆ ಸಹಿ ಮಾಡಿ ಪ್ರಿನ್ಸಿಪಾಲರಿಗೆ ಕಳಿಸಿದ. ತನ್ನ ಮೇಲಿನ ದೂರನ್ನು ತಾನೇ ವಿಚಾರಣೆ ಮಾಡಿ ತಾನೇ ವಜಾ ಮಾಡಿದ್ದ.

ಎರಡು ದಿನ ಬಿಟ್ಟು ಪ್ರಿನ್ಸಿಪಾಲರು ಕರೆಸಿದರು. ಅವರ ಪಕ್ಕದ ಕುರ್ಚಿಯಲ್ಲಿ ಅವನು ಕೂತಿದ್ದ, ನಾವಿಬ್ಬರೂ ನಿಂತಿದ್ದೆವು.

"ಇದು ಯಾರ ಅಕ್ಷರ?"

"ನಂದು ಸಾರ್" ಎಂದೆ.

"ನಿಂಗಾಗಿದ್ದಾ ಇದು?"

"ಇಲ್ಲ ಸಾರ್."

"ಮತ್ತೆ ನಿಂಗ್ಯಾಕಮ್ಮ ಇದೆಲ್ಲ? ಒಳ್ಳೇ ಮನೆತನದ ಹುಡುಗಿ ನೀನು." ಆಮೇಲೆ ಅವಳ ಕಡೆ ತಿರುಗಿದರು. "ಅನುಚಿತ ಅಂತ ಬರ್ದಿದ್ದೀಯ. ಅನುಚಿತ ಅಂದ್ರೆ ಏನು? ಇಲ್ಲಿ ಹೇಳು. ಅವ್ರೂ ಇದಾರೆ, ಎದುರಿಗೇ ಹೇಳು."

ಅವಳು ಹೇಳಲು ಬಾಯಿ ತೆಗೆದಳು. ಅವನು ಅವಳನ್ನೇ ನೋಡುತ್ತಿದ್ದ, ಸಣ್ಣಗೆ ನಗುತ್ತಿದ್ದ. ಅವಳು ತೆಗೆದ ಬಾಯಿ ಮುಚ್ಚಿ ನೆಲ ನೋಡಿದಳು. ನಾನು ಆ ಮೂರು ಮಾತನ್ನು ಬರೆದುಬಿಟ್ಟಿದ್ದರೆ ಅವಳು ಅಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತಿರಲಿಲ್ಲ, ಕಾಗದವೇ ಹೇಳುತ್ತಿತ್ತು. ನನ್ನ ಗೌರವದ ಮಾತು ಅವನನ್ನು ಕಾಪಾಡಿತು. ಐದು ನಿಮಿಷ ಕಾದು ಪ್ರಿನ್ಸಿಪಾಲರು, "ಸ್ಕಾಲರ್‌ಶಿಪ್ ಕೊಟ್ಟು ಓದಿಸ್ತಿರೋದು ಓದ್ಲಿ ಅಂತ ಕಣಮ್ಮ. ಹೋಗಿ ರೆಕಾರ್ಡ್ ಕಂಪ್ಲೀಟ್ ಮಾಡಿ" ಎಂದರು.

ಸುಮ್ಮನಿರುವ ಜಾಯಮಾನ ಅವಳದಲ್ಲ. ಬೆಂಗಳೂರಿಗೆ, ಯೂನಿವರ್ಸಿಟಿಗೇ ಬರೆಯೋಣ ಎಂದಳು. ಅದೇ ಅರ್ಜಿಯನ್ನು ನಕಲು ಮಾಡಿದೆವು, ಈ ಸಲ ಮುಖಾಂತರ ಇಲ್ಲದೆ. ರಿಜಿಸ್ಟರ್ಡ್ ಪೋಸ್ಟ್ ಮಾಡಿದ ದಿನ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ತಿಂದು, ಅವನನ್ನು ಎಲ್ಲಿಗೆ ವರ್ಗ ಮಾಡಬಹುದು ಎಂದು ಊರುಗಳ ಹೆಸರು ಹೇಳಿ ನಕ್ಕೆವು. ಮೂರು ವಾರಕ್ಕೆ ಆ ಕಾಗದ ವಾಪಸ್ಸು ಬಂತು, ನಮಗಲ್ಲ, ಪ್ರಿನ್ಸಿಪಾಲರಿಗೆ. ಮೇಲೆ "ಅಗತ್ಯ ಕ್ರಮಕ್ಕಾಗಿ" ಎಂದು ಮೊಹರು. ತನ್ನನ್ನು ದಾಟಿ ಮೇಲಕ್ಕೆ ಬರೆದರಲ್ಲ ಎಂದು ಪ್ರಿನ್ಸಿಪಾಲರಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರೆಗೆ ಅವರಿಗೆ ಇದು ಅವನ ತಲೆನೋವಾಗಿತ್ತು, ಈಗ ಅವರದೇ ಮಾನದ ಪ್ರಶ್ನೆಯಾಯಿತು.

ಪ್ರಾಕ್ಟಿಕಲ್ಲಿಗೆ ಹನ್ನೆರಡು ದಿನ ಉಳಿದಿತ್ತು. ಓದುವ ರಜೆ ಎಂದು ನಾನು ಗೌರಿಬಿದನೂರಿಗೆ ಬಂದಿದ್ದೆ. ಅವಳು ಹಾಸ್ಟೆಲಿನಲ್ಲೇ ಉಳಿದಿದ್ದಳು. ಬೆಳಿಗ್ಗೆ ಹತ್ತೂವರೆ ಇರಬೇಕು, ಅಪ್ಪ ಕಚೇರಿಗೆ ಹೋಗಿ ಆಗಿತ್ತು. ಬಾಗಿಲಲ್ಲಿ ಅವಳಪ್ಪ ನಿಂತಿದ್ದರು. ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಅಮ್ಮಯ್ಯ, ನಿಮ್ಮಪ್ಪಾರು ಇಲ್ವಾ? ಕಾಲೇಜ್ನಿಂದ ಕಾಗದ ಬಂದೈತೆ. ನಮ್ಮೂರಾಗೆ ಯಾರ್ ಕೈಲೂ ಓದ್ಸಾಕೆ ಮನ್ಸು ಬರ್ಲಿಲ್ಲ. ನೀನೇ ಓದಮ್ಮ."

ಹೇಳಿ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಜಗಲಿ ಖಾಲಿಯಿತ್ತು. ಮೇಲೆ ಬನ್ನಿ ಎಂದು ನಾನು ಹೇಳಲಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಅವರ ಕೇರಿಯವರೆಲ್ಲ ಅಲ್ಲೇ ಕೂರುತ್ತಿದ್ದರು, ಹಾಗೆ ಹೇಳಬೇಕು ಎಂದು ನನಗೆ ಹೊಳೆಯಲೂ ಇಲ್ಲ. ಅವರ ಮಗಳ ಪಕ್ಕ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳು ನಾನು.

ಕಾಗದ ಓದಿದೆ. ನಿಮ್ಮ ಮಗಳು ಉಪನ್ಯಾಸಕರ ಮೇಲೆ ಸುಳ್ಳು ದೂರು ನೀಡಿ ಸಂಸ್ಥೆಯ ಗೌರವಕ್ಕೆ ಧಕ್ಕೆ ತಂದಿರುತ್ತಾಳೆ. ದೂರು ಸುಳ್ಳೆಂದು ಪೋಷಕರು ಏಳು ದಿನದೊಳಗೆ ಲಿಖಿತವಾಗಿ ಒಪ್ಪಿ ಕ್ಷಮೆ ಕೋರದಿದ್ದರೆ ರೆಕಾರ್ಡನ್ನು ಅಂಗೀಕರಿಸಲಾಗುವುದಿಲ್ಲ, ಹಾಲ್ ಟಿಕೆಟ್ ಕೊಡಲಾಗುವುದಿಲ್ಲ. ಏಳು ದಿನದಲ್ಲಿ ಆಗಲೇ ಐದು ಕಳೆದಿತ್ತು.

ಅವರು ಸ್ವಲ್ಪ ಹೊತ್ತು ಟವೆಲ್ಲನ್ನು ಮಡಿಸಿದರು, ಬಿಚ್ಚಿದರು.

"ಆ ಮೇಷ್ಟ್ರು ಏನ್ ಮಾಡ್ದ?"

ಪ್ರಿನ್ಸಿಪಾಲರ ಎದುರು ಅವಳು ನಿಂತಂತೆಯೇ ನಿಂತೆ. ಅವರು ನನ್ನ ಮುಖ ನೋಡಿ, "ಬಿಡಮ್ಮ, ತಿಳೀತು. ನಂಗೂ ಮೂರು ಹೆಣ್ಮಕ್ಳವ್ರೆ" ಎಂದರು. ಆಮೇಲೆ ಗೋಡೆಗೆ ಹೇಳುವಂತೆ, "ವೋಗಿ ಒಡೆಯಾನಾ ಅನ್ಸ್ತದೆ. ಒಡುದ್ರೆ..." ಎಂದು ನಿಲ್ಲಿಸಿದರು. ನಮ್ಮ ಜೊತೆ ಯಾವಾಗಲೂ ಕನ್ನಡದಲ್ಲೇ ಮಾತಾಡುವವರು ಆವತ್ತು ತಮ್ಮ ಮನೆಯ ತೆಲುಗಿಗೆ ಜಾರಿದರು. "ಚದುವು ಪೋತುಂದಿ ತಲ್ಲಿ." ಓದು ಹೋಗಿಬಿಡುತ್ತದೆ ತಾಯಿ ಎಂದು.

"ಬರ್ಕೊಡಮ್ಮ" ಎಂದರು.

"ಅವಳನ್ನ ಒಂದ್ಮಾತು ಕೇಳಣ್ವಾ?" ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾಳೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಎರಡೇ ದಿನ ಇದೆ, ಅವಳ ಹಟ ಅವಳನ್ನೇ ತಿನ್ನುತ್ತದೆ, ಮೊದಲು ಪರೀಕ್ಷೆ ಬರೆಯಲಿ ಎಂದುಕೊಂಡೆ. ಒಳ್ಳೆಯದಕ್ಕೇ ಎಂದುಕೊಂಡೆ. ತಪ್ಪು ತಿಳುವಳಿಕೆಯಿಂದ ಎಂದು ಬರೆಯಲು ಹೊರಟೆ, ಕಾಗದದಲ್ಲಿ ಸುಳ್ಳು ಎಂದೇ ಇರಬೇಕು ಎಂದು ಅವರು ಕೇಳಿಸಿಕೊಂಡಿದ್ದರು.

"ಅವ್ರು ಯೆಂಗೆ ಕೇಳವ್ರೋ ಅಂಗೇ ಬರಿ. ಇನ್ನೊಂದ್ ಕಿತ ವಾಪಸ್ ಬರ್ಬಾರ್ದು."

ನನ್ನ ಮಗಳು ನೀಡಿರುವ ದೂರು ಸಂಪೂರ್ಣ ಸುಳ್ಳಾಗಿರುತ್ತದೆ ಎಂದು ಬರೆದೆ. ದುಂಡಗಿನ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ. ಅಪ್ಪನ ಕಪಾಟಿನಿಂದ ಇಂಕ್ ಪ್ಯಾಡ್ ತಂದು ಮೆಟ್ಟಿಲ ಮೇಲಿಟ್ಟೆ. ಅವರು ಎಡಗೈ ಹೆಬ್ಬೆಟ್ಟನ್ನು ಒತ್ತಿ, ಬೆರಳನ್ನು ಟವೆಲ್ಲಿಗೆ ಒರೆಸಲು ಹೋಗಿ, ಗಲೀಜಾಗುತ್ತದೆಂದು ತಲೆಗೂದಲಿಗೆ ಒರೆಸಿಕೊಂಡರು. ಹನ್ನೊಂದೂವರೆಯ ಬಸ್ಸಿಗೆ ಹೋದರು. ಸಂಜೆ ಅಪ್ಪನಿಗೆ ಹೇಳಿದೆ. "ಸರಿಯಾಗಿ ಮಾಡ್ದೆ. ಹುಡ್ಗಿ ಪರೀಕ್ಷೆಗೆ ಕೂತ್ಕೊಳ್ಲಿ ಮೊದ್ಲು" ಎಂದರು.

ಅವಳ ರೆಕಾರ್ಡಿಗೆ ಸಹಿ ಬಿತ್ತು. ಹಾಲ್ ಟಿಕೆಟ್ ಬಂತು. ಅದನ್ನು ಕೊಡುವಾಗ ಗುಮಾಸ್ತ ಫೈಲಿನಲ್ಲಿದ್ದ ಕ್ಷಮಾಪಣೆ ಪತ್ರವನ್ನು ಅವಳಿಗೆ ತೋರಿಸಿದನಂತೆ. ಪ್ರಾಕ್ಟಿಕಲ್ ಮುಗಿಯುವವರೆಗೆ ಅವಳು ನನ್ನೊಂದಿಗೆ ಆ ಮಾತೆತ್ತಲಿಲ್ಲ. ಕೊನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು, ಟ್ರಂಕು ಕಾಲ ಬಳಿ ಇತ್ತು.

"ನಿನ್ನ ಅಕ್ಷರ ನೋಡ್ದೆ."

"ನಿಮ್ಮಪ್ಪಾನೇ ಬಂದು ಕೇಳಿದ್ರು ಕಣೇ. ನಾನೇನ್ ಮಾಡ್ಲಿ ಹೇಳು."

"ನಮ್ಮಪ್ಪಂಗೆ ಓದಕ್ಕೆ ಬರಲ್ಲ. ನಿಂಗೆ ಬರ್ತಿತ್ತಲ್ಲ." ಅವಳ ದನಿ ಏರಲಿಲ್ಲ. "ಒಂದ್ ವರ್ಷ ಹೋಗಿದ್ರೆ ಹೋಗ್ತಿತ್ತು. ಕೂಲಿ ಮಾಡ್ಕೊಂಡಾದ್ರೂ ಬರೀತಿದ್ದೆ. ನಾನು ಸುಳ್ಳಿ ಅಂತ ನಮ್ಮಪ್ಪನ ಕೈಲಿ ಹೆಬ್ಬೆಟ್ಟು ಒತ್ತಿಸ್ಬಿಟ್ಯಲ್ಲೇ. ನನ್ನ ಒಂದ್ ಮಾತು ಕೇಳ್ಬೇಕು ಅಂತ ನಿಂಗ್ಯಾಕೆ ಅನ್ನಿಸ್ಲಿಲ್ಲ?"

ಬಸ್ಸು ಬಂತು, ಹತ್ತಿದಳು. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು, ಮುಂದೆ ಹೈಸ್ಕೂಲ್ ಟೀಚರ್ ಆದಳು ಎಂದು ಬೇರೆಯವರಿಂದ ಕೇಳಿದೆ. ಎರಡು ಕಾಗದ ಬರೆದೆ, ಉತ್ತರವಿಲ್ಲ. ಮೂರನೆಯದು ಬರೆಯಲು ನನಗೇ ನಾಚಿಕೆಯಾಯಿತು.

ಎಂ.ಎಸ್ಸಿ. ಮುಗಿಸಿ ಎಷ್ಟೋ ವರ್ಷವಾದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ನಾನು ಅದೇ ಕಾಲೇಜಿಗೆ ಕೆಮಿಸ್ಟ್ರಿಯ ಪಾರ್ಟ್ ಟೈಮ್ ಲೆಕ್ಚರರ್ ಆಗಿ ಸೇರಿದೆ. ನನ್ನವರಿಗೆ ಆ ಕಡೆಗೆ ವರ್ಗವಾಗಿತ್ತು, ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ. ಅವನು ಅಲ್ಲೇ ಇದ್ದ, ಈಗ ವಿಭಾಗದ ಮುಖ್ಯಸ್ಥ, ತಲೆ ಅರ್ಧ ನರೆತಿತ್ತು. ನನ್ನನ್ನು ನೋಡಿ, "ನಮ್ ಹಳೇ ಸ್ಟೂಡೆಂಟು" ಎಂದು ಸ್ಟಾಫ್ ರೂಮಿಗೆಲ್ಲ ಪರಿಚಯಿಸಿದ. ನಾನೂ ನಮಸ್ಕಾರ ಎಂದೆ. ಅವನ ಮೇಲೆ ಕಣ್ಣಿಡುತ್ತೇನೆ, ಇನ್ನೊಬ್ಬಳಿಗೆ ಹಾಗಾಗಲು ಬಿಡುವುದಿಲ್ಲ ಎಂದು ಒಳಗೊಳಗೇ ಅಂದುಕೊಂಡೆ. ವಾರಕ್ಕೆ ಎಂಟು ಗಂಟೆ ಪಾಠ ಮಾಡುವವಳು ಎಷ್ಟು ಕಣ್ಣಿಡಲು ಸಾಧ್ಯ?

ಎರಡನೇ ವರ್ಷಕ್ಕೆ ಶಿಡ್ಲಘಟ್ಟದ ಒಬ್ಬ ಹುಡುಗಿ ಅವನ ಮೇಲೆ ದೂರು ಕೊಟ್ಟಳು. ರೇಷ್ಮೆ ನೂಲು ತೆಗೆಯುವವರ ಮನೆಯ ಹುಡುಗಿ. ಅವಳೇ ಬರೆದಿದ್ದಳು, ವಕ್ರವಕ್ರ ಅಕ್ಷರ, ಕಾಗುಣಿತ ತಪ್ಪು. ಮುಖಾಂತರವೂ ಇಲ್ಲ, ಅನುಚಿತವೂ ಇಲ್ಲ. ಏನಾಯಿತೋ ಅದನ್ನೇ ಬರೆದಿದ್ದಳು. ಅದೇ ಸ್ಪೆಸಿಮನ್ ಕೋಣೆ.

ಹೊಸ ಪ್ರಿನ್ಸಿಪಾಲರು ತಾವೂ ಸೇರಿ ಮೂವರು ಕೂತು ನಡೆಸುವ ವಿಚಾರಣೆ ಇಟ್ಟರು. ಒಬ್ಬರು ಲೇಡಿ ಇರಬೇಕೆಂದು ನನ್ನನ್ನು ಕೂರಿಸಿದರು. ಈ ಸಲ ಬಿಡುವುದಿಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡು ಹೋದೆ. ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಎಂದೆ, ಕೂರಿಸಿದರು. ಅವನು ಒಳಗೆ ಇರಬಾರದು ಎಂದೆ, ಹೊರಗೆ ಹೋದ. ಹುಡುಗಿ ಎಲ್ಲವನ್ನೂ ಹೇಳಿದಳು. ಪ್ರಿನ್ಸಿಪಾಲರು ಕೇಳಿಸಿಕೊಂಡು, ಬೆಲ್ ಒತ್ತಿ ಗುಮಾಸ್ತನಿಂದ ಹಳೆಯ ಫೈಲೊಂದನ್ನು ತರಿಸಿದರು.

"ಹಿಂದೇನೂ ಒಂದ್ಸಲ ಹಿಂಗೇ ಆಗಿತ್ತಂತೆ. ಆ ಹುಡ್ಗಿ ತಂದೆನೇ ಸುಳ್ಳು ಅಂತ ಬರ್ಕೊಟ್ಟಿದಾರೆ. ನೋಡಿ ಮೇಡಂ."

ಹೆಬ್ಬೆಟ್ಟಿನ ಗುರುತು ಮಾಸಿರಲಿಲ್ಲ. ಸಂಪೂರ್ಣ ಸುಳ್ಳಾಗಿರುತ್ತದೆ ಎಂಬಲ್ಲಿ ಯಾರೋ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

"ಸಾರ್, ಇದನ್ನ ಬರೆದಿದ್ದು ನಾನು" ಎಂದೆ. "ಇದು ನಿಜ ಅಲ್ಲ. ಪರೀಕ್ಷೆಗೆ ಬಿಡಲ್ಲ ಅಂದಿದ್ರು, ಅದಕ್ಕೆ ಬರೆದ್ವಿ. ದೂರು ನಿಜ. ಅದನ್ನೂ ನಾನೇ ಬರೆದಿದ್ದು, ಅದರ ಹಿಂದೇನೇ ಇರತ್ತೆ ನೋಡಿ."

ಪ್ರಿನ್ಸಿಪಾಲರು ಹಾಳೆ ತಿರುವಿದರು. ಇತ್ತು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಕನ್ನಡಕ ತೆಗೆದು, ನಿಜವಾಗಿಯೂ ಬೇಜಾರಾದವರ ಹಾಗೆ ನನ್ನ ಕಡೆ ನೋಡಿದರು. ಅವರು ಕೆಟ್ಟವರೂ ಅಲ್ಲ.

"ಆಗಿದೆ ಅಂತಾನೂ ನೀವೇ ಬರೆದಿದ್ದೀರಿ, ಸುಳ್ಳು ಅಂತಾನೂ ನೀವೇ ಬರೆದಿದ್ದೀರಿ. ನಾನು ಯಾವ್ದನ್ನ ನಂಬ್ಲಿ ಮೇಡಂ? ನಾಳೆ ಈ ಹುಡ್ಗೀನೂ ಹಂಗೇ ಬರ್ಕೊಟ್ರೆ?"

ವಿಚಾರಣೆಗೆ ಕೂತ ಮೂರನೆಯವರು ಕಿಟಕಿಯ ಕಡೆ ನೋಡುತ್ತಿದ್ದರು. ಹೊರಗೆ ವರಾಂಡದಲ್ಲಿ ಅವನು ಯಾರೊಂದಿಗೋ ಕ್ರಿಕೆಟ್ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ನಾನು ಬಾಯಿ ತೆಗೆದೆ. ಆವತ್ತು ಮನೆಯ ಮೆಟ್ಟಿಲಿನ ಮೇಲೆ ಆದದ್ದನ್ನು ಇವರಿಗೆ ಎಲ್ಲಿಂದ ಶುರುಮಾಡಿ ಹೇಳುವುದೋ ತಿಳಿಯಲಿಲ್ಲ. ಹೇಳಿದರೂ ನನ್ನ ಮಾತನ್ನು ಏಕೆ ನಂಬಬೇಕು ಎಂಬುದಕ್ಕೆ ನನ್ನ ಹತ್ತಿರವೇ ಕಾರಣವಿರಲಿಲ್ಲ.

ಹುಡುಗಿ ಎದ್ದು ನಿಂತಳು. ಅವಳು ಬರೆದ ಅರ್ಜಿ ಇನ್ನೂ ನನ್ನ ಮುಂದೆ ಇತ್ತು. ಪ್ರಿನ್ಸಿಪಾಲರ ಕಡೆ ನೋಡದೆ ನನ್ನ ಕಡೆ ಕೈ ಚಾಚಿದಳು.

"ನಂದು ಕೊಟ್ಬಿಡಿ ಮೇಡಂ."

ನಾನು ಕೊಟ್ಟೆ.